ಬಿಡುವಿಲ್ಲದ ಲೈನು

ಬಾಗಿಲು ಬಡಿಯುವ ಸದ್ದು ಮತ್ತೆ ಕೇಳಿದಾಗ ಇಷಬೆಲ್ ಮೊದಲು ಮಾಡಿದ ಕೆಲಸವೆಂದರೆ ಟೀವಿಯ ದನಿ ಏರಿಸಿದ್ದು. ಮಹಡಿಯ ಮೇಲಿನ ಟೀವಿ ಆಗಲೇ ಹಾಡುತ್ತಿತ್ತು. ಅಡಿಗೆಮನೆಯದರಲ್ಲಿ ಕುದುರೆಗಳು ಓಡುತ್ತಿದ್ದವು. ಎಲ್ಲವೂ ನಡೆಯುತ್ತಿವೆಯೆಂದು ನೋಡಿಕೊಂಡು, ಆಮೇಲೆ ಹೋಗಿ ಬಾಗಿಲು ತೆಗೆದಳು.

ಹೊರಗೆ ಕಂಪನಿಯ ಜಾಕೆಟ್ಟು ತೊಟ್ಟ ಯುವಕ. ಬೂಟಿಗೆ ಏಪ್ರಿಲ್ ತಿಂಗಳ ಕೊಳಕು ಹಿಮ ಮೆತ್ತಿತ್ತು.

"ನಮಸ್ಕಾರ ಅಮ್ಮಾ. ಲೈಲ್ ಅಂತ ನನ್ನ ಹೆಸರು. ಇಂಟರ್ನೆಟ್ ಕಂಪನಿಯಿಂದ ಬಂದಿದೀನಿ. ಈ ಮನೆ..."

"ಯಾರ ಮಗ ನೀನು?"

"ಹಾಂ?"

"ಅಪ್ಪ ಯಾರು, ಯಾವೂರು ಅಂತ ಕೇಳ್ದೆ. ನಮ್ಮ ಕೇಪ್ ಬ್ರೆಟನ್ ದ್ವೀಪಕ್ಕೆ ಬಂದು ಅಷ್ಟೂ ಹೇಳ್ದೆ ಒಳಗೆ ಬರ್ತೀಯೇನಪ್ಪಾ?"

"ಹ್ಯಾಲಿಫ್ಯಾಕ್ಸ್‌ನವನು. ಅಪ್ಪ ಬ್ಯಾಂಕಲ್ಲಿದ್ರು."

"ಓ, ಪಟ್ಟಣದವನು. ಪಾಪ, ಬಾ."

ಅವನು ತಿರುಗಿ ಏನನ್ನೂ ಕೇಳಲಿಲ್ಲ. ಕೆಸರು ತುಂಬಿದ ಅವಳ ರಬ್ಬರ್ ಬೂಟುಗಳ ಪಕ್ಕದಲ್ಲಿ ತನ್ನವನ್ನೂ ಕಳಚಿಟ್ಟು ಒಳಗೆ ಬಂದು ಬಿಳಿ ಸೋಫಾದ ಮೇಲೆ ಕುಳಿತ. ಅವಳು ಮರದ ಕುರ್ಚಿ ಎಳೆದುಕೊಂಡಳು. ಕುರಿಗಳು ಮರಿ ಹಾಕುವ ಕಾಲ. ಅವಳ ಸ್ವೆಟರು ಕೊಟ್ಟಿಗೆಯ ವಾಸನೆ ಹೊಡೆಯುತ್ತಿತ್ತು.

"ಮನೆಯವರು ನೀವೇ ತಾನೆ?"

"ಗುಡಿಸೋಳು ನಾನು, ಒರೆಸೋಳು ನಾನು, ಗಿಡಕ್ಕೆ ನೀರು ಹಾಕೋಳು ನಾನು. ಇನ್ನಾರು ಬೇಕು ನಿಂಗೆ?"

"ನಮ್ಮಮ್ಮನೂ ಹೀಗೇ ರೇಗೋದು," ಎಂದು ಅವನು ನಕ್ಕ.

ಚಹಾ ಮಾಡಿದಳು. ಚಮಚಕ್ಕಾಗಿ ಒಂದರ ನಂತರ ಒಂದು ಡ್ರಾಯರು ಎಳೆದು ನೋಡುತ್ತಿದ್ದವಳನ್ನು ಅವನು ಕನಿಕರದಿಂದ ನೋಡಿದ. ಆ ಕನಿಕರ ಅವಳಿಗೆ ಬೆನ್ನಿನಲ್ಲೇ ತಿಳಿಯಿತು. ಇರಲಿ ಎಂದುಕೊಂಡಳು.

ಕಿಟಕಿಯ ಬಳಿ ಹಸಿರು ದೀಪದ ಪುಟ್ಟ ಪೆಟ್ಟಿಗೆ. ಅವನು ಅದರತ್ತ ಕೈ ತೋರಿಸಿದ.

"ಇದರ ವಿಚಾರಕ್ಕೇ ಬಂದೆ. ದಿನಾ ಸಂಜೆ ಪಟ್ಟಣದಲ್ಲಿರೋ ಯಂತ್ರ ತಾನಾಗೇ ಈ ಪೆಟ್ಟಿಗೆ ಜೊತೆ ಮಾತಾಡಿ, ಲೈನು ಎಷ್ಟು ಚುರುಕಾಗಿದೆ ಅಂತ ಅಳೀಬೇಕು. ಆದ್ರೆ ಮನೇಲಿ ಯಾರಾದ್ರೂ ಲೈನು ಬಳಸ್ತಿದ್ರೆ ಅದು ಅಳೆಯಲ್ಲ. ಬಿಡುವಾಗ್ಲಿ ಅಂತ ಕಾಯುತ್ತೆ. ವಾರದಿಂದ ಕಾಯ್ತಾನೇ ಇದೆ."

"ಕಾಯಲಿ. ಈ ಕಣಿವೆ ಜನ ನಿಮಗೋಸ್ಕರ ವರ್ಷಗಟ್ಟಲೆ ಕಾದಿಲ್ವಾ?"

"ಟೀವಿಗಳೂ ಈ ಲೈನಲ್ಲೇ ಓಡೋದು. ಮೂರೂ ಟೀವಿ ಒಟ್ಟಿಗೆ ನೋಡ್ತೀರಾ?"

"ನನ್ನ ಕತ್ತು ಇನ್ನೂ ಚೆನ್ನಾಗಿ ತಿರುಗುತ್ತೆ."

ಅವನು ಕಪ್ಪನ್ನು ಕೆಳಗಿಟ್ಟ. "ಇವತ್ತೊಂದು ಸಂಜೆ, ಒಂದೇ ಗಂಟೆ ಆರಿಸಿ. ಒಂದು ವರ್ಷ ಬಿಲ್ಲೇ ಕಳಿಸಲ್ಲ."

"ಬಿಲ್ಲಿನ ಚಿಂತೆ ನಂಗಿಲ್ಲ ಮಗಾ. ಕಣಿವೆಗೆಲ್ಲಾ ಲೈನು ಎಳೀತೀವಿ ಅಂತ ಸರ್ಕಾರದ ಹತ್ರ ಹಣ ತಗೊಂಡ್ರಿ. ಹೊಸ ಲೈನು ಎಳೆದಿದ್ದು ಗುಡ್ಡದ ಮೇಲಿನ ಈ ಮನೆಗೆ, ಕೆಳಗೆಲ್ಲಾ ಹಳೇದೇ. ಅಳೆಯೋದೂ ಈ ಮನೇಲೇ. ಇಲ್ಲಿ ಚೆನ್ನಾಗಿದೆ ಅಂದ್ರೆ ಕೆಳಗೂ ಚೆನ್ನಾಗಿದೆ ಅಂತ ಬರ್ಕೊಂಡು ಕೈ ತೊಳ್ಕೊತೀರಿ. ಕಡಲ ದಂಡೆ ಮನೇಲಿ ಆಂಗಸ್ ಇದಾನೆ, ಅವನಿಗೆ ಎದೆ ಸರಿಯಿಲ್ಲ. ಆಸ್ಪತ್ರೆ ದೂರ, ಡಾಕ್ಟರು ಪರದೆ ಮೇಲೇ ಮಾತಾಡ್ತಾರೆ. ಹೋದ ತಿಂಗಳು ಮಾತ್ರೆ ಎಷ್ಟು ತಗೋಬೇಕು ಅಂತ ಹೇಳೋ ಹೊತ್ತಿಗೆ ಲೈನು ಸತ್ತು, ಡಾಕ್ಟರು ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ರು. ಮಾತ್ರೆ ಹೆಚ್ಚುಕಮ್ಮಿಯಾಗಿ, ಎರಡು ದಿನ ಆದ್ಮೇಲೆ ಆಂಗಸ್ ಕೊಟ್ಟಿಗೇಲಿ ಎಚ್ಚರ ತಪ್ಪಿ ಬಿದ್ದಿದ್ದ."

ಅವಳು ಒಂದು ಗುಟುಕು ಚಹಾ ಕುಡಿದಳು.

"ಇವತ್ತೂ ಅಳತೆ ಆಗ್ಲಿಲ್ಲ ಅಂದ್ರೆ ಏನಾಗುತ್ತೆ?"

ಅವನು ಹೇಳಲೋ ಬೇಡವೋ ಎಂಬಂತೆ ಕಾಲುಚೀಲ ನೋಡಿಕೊಂಡ. "ಇವತ್ತೇ ಕೊನೆ ದಿನ. ಆಗ್ಲಿಲ್ಲ ಅಂದ್ರೆ ಸರ್ಕಾರದವರೇ ಬಂದು ತಮಗೆ ತೋಚಿದ ಮನೇಲಿ ಪೆಟ್ಟಿಗೆ ಇಟ್ಟು ಅಳೀತಾರೆ."

"ದಂಡೆ ಮನೇಲೂ?"

"ಎಲ್ಲಿ ಬೇಕಾದ್ರೂ. ಚೆನ್ನಾಗಿಲ್ಲದ ಕಡೆ ನಾವು ಹೊಸ ಲೈನು ಎಳೀಲೇಬೇಕಾಗುತ್ತೆ."

"ಹಾಗಾದ್ರೆ ಇನ್ನೊಂದು ಓಟ್ಸ್ ಬಿಸ್ಕತ್ತು ತಗೋ."

"ಅಮ್ಮಾ, ಮೇಲಿನವರು ರೇಗಿದ್ರೆ ಲೈನೇ ಕಡಿದುಬಿಡ್ತಾರೆ."

"ಕಡೀಲಿ. ಕಡಿದ ಲೈನನ್ನ ಅದು ಹೇಗೆ ಅಳೀತಾರೋ ನಾನೂ ನೋಡ್ತೀನಿ."

ಗೋಡೆಯ ಮೇಲೆ ಹಾಯಿದೋಣಿಯಲ್ಲಿ ನಗುತ್ತಿರುವ ಹುಡುಗ ಹುಡುಗಿಯರ ಚಿತ್ರವಿತ್ತು. ಅವನು ಅದನ್ನೂ ಬಿಡಲಿಲ್ಲ. "ಈ ಮಕ್ಕಳಿಗಾದ್ರೂ ಬೇಡ್ವಾ ಲೈನು?"

"ಆಗಸ್ಟ್‌ನಲ್ಲಿ ಎರಡು ವಾರ ಬರ್ತಾರೆ. ಆಗ ಬಂದು ಅವರನ್ನೇ ಕೇಳು."

"ಈ ಲೈನಿಂದ ನಿಮಗೇನು ತೊಂದರೆ ಆಗಿದೆ, ಅದನ್ನಾದ್ರೂ ಹೇಳಿ."

"ಈ ಲೈನಿಂದ ನಂಗೆ ಏನೂ ಆಗಿಲ್ಲಪ್ಪ. ಒಳ್ಳೇದೂ ಆಗಿಲ್ಲ, ಕೆಟ್ಟದ್ದೂ ಆಗಿಲ್ಲ."

ಅವನು ಎದ್ದ. ಬಾಗಿಲಲ್ಲಿ ಬೂಟು ಏರಿಸಿಕೊಳ್ಳುತ್ತಾ ಹೇಳಿದ: "ಯಂತ್ರ ಹತ್ತು ಗಂಟೆವರೆಗೂ ಹೊಂಚು ಹಾಕುತ್ತೆ. ನೀವು ನಡುವೆ ತೂಕಡಿಸಿ ಆರಿಸಿಬಿಟ್ರೆ ಅಳೆದೇಬಿಡುತ್ತೆ. ನಾನಾಗಿ ಇದನ್ನ ಹೇಳ್ಬಾರದು."

ಇಷಬೆಲ್ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು.

"ನಾನು ತೂಕಡಿಸಿದ್ರೂ ಟೀವಿ ತೂಕಡಿಸಲ್ಲ. ಪಟ್ಟಣಕ್ಕೆ ಹೋಗಿ ಹೇಳು, ಒಬ್ಬ ಹೆಂಗಸು ಜಪ್ಪಯ್ಯ ಅಂದ್ರೂ ಜಗ್ಗಲಿಲ್ಲ ಅಂತ."

ಕಾರು ಗುಡ್ಡದ ತಿರುವು ದಾಟಿತು. ಅವಳು ಕಪ್ಪುಗಳನ್ನು ತೊಳೆದು ಒರೆಸಿದಳು. ಸೋಫಾದ ಮೇಲೆ ಉದುರಿದ ಬಿಸ್ಕತ್ತಿನ ಚೂರನ್ನು ಒಂದೂ ಉಳಿಯದಂತೆ ಆರಿಸಿದಳು. ಮೂರು ಟೀವಿಗಳನ್ನೂ ಹಾಗೆಯೇ ಬಿಟ್ಟಳು.

"ಸಂಜೆ ಹೊತ್ತು ಒಂದು ಟೀವಿ ಹಾಕಿಡು ಇಷಬೆಲ್, ಮನೇಲಿ ಜನ ಇದ್ದಾರೆ ಅಂತ ಕಳ್ಳರು ಅಂದ್ಕೊಳ್ಳಲಿ" ಎಂದು ಹೇಳಿ ಯಜಮಾನಿ ಟೊರಾಂಟೊಗೆ ಹೊರಟುಹೋಗಿ ಎಂಟು ತಿಂಗಳಾಗಿತ್ತು; ಖಾಲಿ ಮನೆಗೆ ಬೀಗ ಜಡಿದು, ಇಷಬೆಲ್ ತನ್ನ ಗಂಡ ಆಂಗಸ್‌ಗೆ ರಾತ್ರಿಯ ಮಾತ್ರೆ ಕೊಡಲು ದಂಡೆಯ ಕಡೆಗೆ ಬಿರಬಿರನೆ ಇಳಿದಳು.