ಕಾಡಿಗೊಂದು ಸೀರೆ

ಮಳೆಗಾಲ ಮುಗಿದು ಒಳ್ಳೆಯ ಬಿಸಿಲು ಬಿದ್ದಿತ್ತಷ್ಟೆ, ವಾರಿಜಳ ಸೊಂಟ ಆಗಲೇ ಬಿದ್ದುಹೋಗಿತ್ತು. ಪೆಟ್ಟಿಗೆಯ ಸೀರೆಗಳನ್ನೆಲ್ಲ ಹೊರಗೆ ತೆಗೆದು, ಬೂಷ್ಟು ಕೊಡವಿ, ನೆರಳಲ್ಲಿ ಹರವಿ, ರೇಷ್ಮೆ ಮಡಿಕೆಯಲ್ಲೇ ಸೀಳಬಾರದೆಂದು ಮಡಿಕೆ ಬದಲಿಸಿ ಇಡಬೇಕು. ವರ್ಷ ವರ್ಷವೂ ಇದೇ ಚಾಕರಿ.

"ಎಷ್ಟು ಸೀರೆ ಮಾರಾಯ್ತಿ! ಪುಣ್ಯವಂತೆ ನೀನು," ಎಂದಳು ಬೇಲಿಯಾಚೆಯ ಲಿಲ್ಲಿಬಾಯಿ.

"ಪುಣ್ಯ ಅವರದ್ದು. ಒಗೆದು ಮಡಚುವುದು ಮಾತ್ರ ನನ್ನದು."

ವಾರಿಜಳ ಗಂಡ ಯಕ್ಷಗಾನದಲ್ಲಿ ಹೆಸರಾದ ಸ್ತ್ರೀವೇಷಧಾರಿ. ಮರುದಿನವೇ ಮೇಳ ಊರೂರು ತಿರುಗಾಟಕ್ಕೆ ಹೊರಡುವುದಿತ್ತು. ಅಂಗಳಕ್ಕಿಳಿದವನು ಒಂದೊಂದೇ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ನೋಡತೊಡಗಿದ.

"ಅಣ್ಣನ ಮಗಳ ಮದುವೆಗೆ ಈ ಹಸಿರಿನದ್ದು ನಾನು ಉಡ್ಲಾ?" ಎಂದು ವಾರಿಜ ಮೆಲ್ಲಗೆ ಕೇಳಿದಳು.

"ಅದು ದಮಯಂತಿಯ ಸ್ವಯಂವರಕ್ಕೆ. ನೀನು ಉಟ್ಟರೆ ಹೊಳಪು ಹೋಗ್ತದೆ."

ಅವಳು ಅದನ್ನೂ ಮಡಚಿದಳು. ಅವನು ಪೆಟ್ಟಿಗೆಯನ್ನು ಮತ್ತೊಮ್ಮೆ ತಡಕಾಡಿ ಮುಖ ಸಿಂಡರಿಸಿದ.

"ನಳ ಬಿಟ್ಟುಹೋದ ಮೇಲೆ ದಮಯಂತಿ ಕಾಡಲ್ಲಿ ಅಲೀತಾಳಲ್ಲ, ಅದಕ್ಕೆ ಮಾಸಿದ, ಹರಿದ ಸೀರೆ ಬೇಕು. ನೋಡಿದವರ ಕಣ್ಣಲ್ಲಿ ನೀರು ಬರಬೇಕು."

"ನಿಮ್ಮ ಪೆಟ್ಟಿಗೆಯಲ್ಲಿ ಅಂಥದ್ದು ಒಂದೂ ಇಲ್ಲ."

ಆಗ ಅವನು ಅವಳತ್ತ ತಿರುಗಿದ. ಅಡಿಯಿಂದ ಮುಡಿಯವರೆಗೆ ನೋಡಿದ. ಮುಖ ಅರಳಿತು.

"ನೀನು ಉಟ್ಟದ್ದೇ ಸಮ ಉಂಟು. ಬಿಚ್ಚಿ ಕೊಡು. ಒಗೀಲಿಕ್ಕೆಲ್ಲ ಹೋಗ್ಬೇಡ."