ಹೆಣ್ಣು ನೋಡುವ ದಿನದ ಹಾಡು

ಊರಿನ ಎಲ್ಲರ ಕಿವಿಯೂ ಕೆಟ್ಟು ಒಂದು ತಲೆಮಾರೇ ಕಳೆದಿತ್ತು. ಆದರೂ ಹೆಣ್ಣು ನೋಡುವ ದಿನ ಕಿವಿಯ ಮಿಷನ್ ತೆಗೆದಿಟ್ಟು ಕೂರುವುದೇ ಮರ್ಯಾದೆ. ಗಂಡಿನ ಕಡೆಯವರೂ ತಂತಮ್ಮ ಮಿಷನ್‌ಗಳನ್ನು ಜೇಬಿನಲ್ಲಿ, ಬ್ಯಾಗಿನಲ್ಲಿ ಅಡಗಿಸಿಕೊಂಡೇ ಬಂದಿದ್ದರು.

ಉಪ್ಪಿಟ್ಟು ಮುಗಿಸಿದ ಗಂಡಿನ ತಾಯಿ, "ಒಂದು ಹಾಡು ಹೇಳಮ್ಮ" ಎಂದರು. ತುಟಿ ನೋಡಿಯೇ ಹುಡುಗಿ ವಾರಿಜಳಿಗೆ ಅರ್ಥವಾಯಿತು. ಅವಳು ದನಿಯನ್ನೇ ಹೊರಡಿಸದೆ ಸುಮ್ಮನೆ ಬಾಯಿ ಆಡಿಸಿದಳು.

ಗಂಡಿನ ತಂದೆ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದರು. ತಾಯಿ ಕಣ್ಣೊರೆಸಿಕೊಂಡು, "ಎಂಥಾ ಕಂಠ!" ಎಂದರು.

ವಾರಿಜ ಬಾಯಿ ಮುಚ್ಚಿ, ಸೆರಗಿನ ಗಂಟಿನಿಂದ ಮಿಷನ್ ತೆಗೆದು ಎಲ್ಲರೆದುರೇ ಕಿವಿಗೆ ಹಾಕಿಕೊಂಡಳು.

ಮೊದಲು ಕೇಳಿಸಿದ್ದು ಆ ತಾಯಿಯ ಚೀರು ದನಿ: "ಥೂ! ಹುಡುಗಿ ಕಿವುಡಿ ಕಣ್ರೀ! ಏಳ್ರೀ, ಹೋಗೋಣ!"

ಆಕೆಯ ಗಂಡ ಕಣ್ಣು ಮುಚ್ಚಿಕೊಂಡು ಇನ್ನೂ ತಾಳ ಹಾಕುತ್ತಲೇ ಇದ್ದರು.