ಐವತ್ತೊಂದನೆಯ ಪುಟ

ನಾಟಕದ ಪುಸ್ತಕದಲ್ಲಿ ರಾಣಿಯ ಮಾತಿನ ನಡುವೆಯೇ ಮೂರು ಹಾಳೆಗಳು ಹರಿದುಹೋಗಿದ್ದವು. ಅಭಿನಯ ಕಲಿಯುವ ಹುಡುಗಿ ಅದನ್ನು ತಂದು ಗ್ರಂಥಪಾಲಕರ ಮೇಜಿನ ಮೇಲೆ ಕುಕ್ಕಿದಳು.

"ಇಡೀ ಯೂನಿವರ್ಸಿಟಿಗೆ ಇರೋದು ಇದೊಂದೇ ಪ್ರತಿ. ನಾಳೆ ನನಗೆ ಪರೀಕ್ಷೆ. ಯಾವ ಪಾಪಿ ಹರ್ಕೊಂಡು ಹೋದ ಸರ್?"

"ನನ್ನ ಮೇಲೆ ಯಾಕಮ್ಮ ಹಾರಾಡ್ತೀಯ?" ಅವರೂ ಸಿಡುಕಿದರು. "ಐವತ್ತೊಂದನೇ ಪುಟಾನೂ ಹೋಗಿದೆ ನೋಡು. ಕಳ್ಳ ಸಿಕ್ಕಿಬೀಳಲಿ ಅಂತಾನೇ ಎಲ್ಲಾ ಪುಸ್ತಕದಲ್ಲೂ ಆ ಪುಟಕ್ಕೆ ಲೈಬ್ರರಿ ಸೀಲ್ ಹೊಡೀತೀವಿ. ಎಲ್ಲಾದ್ರೂ ಕಂಡ್ರೆ ಬಂದು ಹೇಳು. ಯಾರೇ ಆಗ್ಲಿ, ಚರ್ಮ ಸುಲೀತೀನಿ."

ಮರುದಿನ ಪರೀಕ್ಷೆಯಲ್ಲಿ ಅವಳು ಪುಸ್ತಕದಲ್ಲಿ ಇದ್ದಷ್ಟು ಮಾತು ಹೇಳಿ ನಿಂತುಬಿಟ್ಟಳು.

"ಮುಂದಕ್ಕೆ?" ಮೇಷ್ಟ್ರು ಗುಡುಗಿದರು.

"ಮುಂದಿನ ಹಾಳೆಗಳು ಇಲ್ಲ ಸರ್. ಯಾರೋ ಹರಿದಿದ್ದಾರೆ."

"ನೆಪ ಹೇಳ್ಬೇಡ! ಲೈಬ್ರರಿ ಕಡೆ ತಲೆ ಹಾಕಿನೂ ಮಲಗಲ್ಲ ನೀವು. ಇಪ್ಪತ್ತು ವರ್ಷದಿಂದ ಈ ಮಾತು ಕಲಿಸ್ತಿದ್ದೀನಿ, ನನ್ನ ಹತ್ರಾನೇ ಸುಳ್ಳಾ? ನಾನೇ ಓದ್ತೀನಿ, ಕಿವಿ ಬಿಟ್ಕೊಂಡು ಕೇಳು."

ಮೇಷ್ಟ್ರು ಜುಬ್ಬಾದ ಜೇಬಿನಿಂದ ಮಡಿಸಿದ ಮೂರು ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ನಡುವಿನ ಹಾಳೆಯ ಮೇಲೆ ನೇರಳೆ ಬಣ್ಣದ ದುಂಡನೆಯ ಸೀಲ್ ಇತ್ತು.